ಶಿವರಾಜುವಿನ ಓರೆ ರೇಡಿಯೇಟರ್

ಚನ್ನರಾಯಪಟ್ಟಣದಲ್ಲಿ ಈಗ ಯಾರ ಗಾಡಿ ಕಾದು ಹಬೆಯೆದ್ದರೂ ಜನ ನಗುತ್ತ, "ಶಿವರಾಜುನ್ ಓರೆ ರೇಡಿಯೇಟರ್ ಆಕ್ಸಿದ್ಯೇನ್ಲಾ?" ಅನ್ನುತ್ತಾರೆ. ಹೀಗನ್ನುವವರಲ್ಲಿ ಮುಕ್ಕಾಲು ಪಾಲು ಜನ ಶಿವರಾಜುವನ್ನು ಒಂದು ದಿನವೂ ಮಾತಾಡಿಸಿದವರಲ್ಲ. ರೇಡಿಯೇಟರ್ ಅಂದರೆ ಬಾನೆಟ್ಟಿನೊಳಗೆ ನೀರು ತುಂಬುವ ಡಬ್ಬ ಎಂಬುದಕ್ಕಿಂತ ಹೆಚ್ಚು ತಿಳಿದವರೂ ಅಲ್ಲ. ನನ್ನ ಸ್ಪೇರ್ ಪಾರ್ಟ್ಸ್ ಅಂಗಡಿಯ ಕೌಂಟರಿಗೆ ಒರಗಿಕೊಂಡು ನನ್ನೆದುರೇ ಈ ಮಾತಾಡಿದ ಒಬ್ಬಿಬ್ಬರಿಗೆ ಸಾಮಾನು ಕೊಡದೆ ವಾಪಸು ಕಳಿಸಿದ್ದೇನೆ. ವ್ಯಾಪಾರಕ್ಕೆ ಕೂತ ಹೆಂಗಸಿಗೆ ಇಷ್ಟು ಸಿಡುಕು ಆಗದು ಎಂದು ನನ್ನ ಗಂಡ ಹೇಳುತ್ತಾರೆ. ಆಗದಿದ್ದರೆ ಬಿಡಲಿ. ನಡೆದದ್ದೇನು ಅಂತ ಒಂದು ಸಲ ಪೂರ್ತಿ ಹೇಳಿಬಿಡುತ್ತೇನೆ.

ಶಿವರಾಜು ಬಾಗೂರಿನವನು. ಅವನ ಅಪ್ಪ ದೇವಯ್ಯನವರು ಪುಟ್ಟರಾಜಣ್ಣನ ತೆಂಗಿನ ತೋಟದಲ್ಲಿ ಕಾಯಿ ಸುಲಿದೇ ಬದುಕು ಸವೆಸಿದರು. ಈ ಪುಟ್ಟರಾಜಣ್ಣ ನನ್ನ ದೊಡ್ಡಪ್ಪನ ಮಗ. ಹೇಳಿಕೊಳ್ಳುವ ಸಂಭ್ರಮವೇನಿಲ್ಲ, ಮುಂದೆ ಗೊತ್ತಾಗಲೆಂದು ಹೇಳುತ್ತಿದ್ದೇನೆ. ಶಿವರಾಜುವಿಗೆ ಕಾಯಿ ಸುಲಿಯುವ ಮನಸ್ಸಿರಲಿಲ್ಲ. ತೋಟದ ಡೀಸೆಲ್ ಪಂಪು ಕೆಟ್ಟಾಗ ಅದರ ಮುಂದೆ ಕೂತವನು ಊಟಕ್ಕೆ ಕರೆದರೂ ಏಳುತ್ತಿರಲಿಲ್ಲವಂತೆ. ಹಾಸನದಲ್ಲಿ ಆಟೋಮೊಬೈಲ್ ಡಿಪ್ಲೊಮಾ ಮಾಡಿದ. ಆಮೇಲೆ ಹೊಳೆನರಸೀಪುರದ ಒಂದು ಅಂಗಡಿಯಲ್ಲಿ ರೇಡಿಯೇಟರುಗಳಿಗೆ ಬೆಸುಗೆ ಹಾಕುವ ಕೆಲಸಕ್ಕೆ ಸೇರಿದ. ಅರಕಲಗೂಡು ಕಡೆಯ ಶಾಂತಿಯನ್ನು ಮದುವೆಯಾದ ಮೇಲೆ ಚನ್ನರಾಯಪಟ್ಟಣಕ್ಕೆ ಬಂದು ನನ್ನ ಅಂಗಡಿಯ ಪಕ್ಕದ ಶೆಡ್ಡನ್ನು ಬಾಡಿಗೆಗೆ ಹಿಡಿದ.

ಕೆಲಸಗಾರ ಒಳ್ಳೆಯವನು, ಬಾಯಿ ಮಾತ್ರ ಬೆಂಕಿ. ಬೇರೆಯವರು ರಿಪೇರಿ ಮಾಡಿದ ಇಂಜಿನ್ ಕಂಡರೆ, "ಇದ್ನ ಯಾವ್ ಕತ್ತೆ ಬಿಚ್ಚಿದ್ದು?" ಎಂದು ಗಿರಾಕಿಯ ಮುಂದೆಯೇ ಕೇಳುತ್ತಿದ್ದ. ಎಷ್ಟೋ ಸಲ ಆ ಕತ್ತೆ ಗಿರಾಕಿಯ ಭಾವಮೈದುನನೇ ಆಗಿರುತ್ತಿದ್ದ. ತನ್ನಷ್ಟು ಗೊತ್ತಿರುವವನು ಈ ಜಿಲ್ಲೆಯಲ್ಲಿ ಇನ್ನೊಬ್ಬನಿಲ್ಲ ಎಂಬ ಜಂಬ ಅವನಿಗೆ ತಲೆಯವರೆಗೂ ಇತ್ತು. ಆ ಜಂಬವನ್ನು ಕಂಡು ನಾನೇ ಎಷ್ಟೋ ಸಲ ಬೈದಿದ್ದೇನೆ. ಈಗ ಅದು ಇಲ್ಲ, ಇಲ್ಲದ್ದನ್ನೇ ನನಗೆ ನೋಡಲಾಗುತ್ತಿಲ್ಲ.

ಪುಟ್ಟರಾಜಣ್ಣನ ಮಗ ಅಭಿಷೇಕನಿಗೆ ಕಾರ್ ರೇಸಿನ ಹುಚ್ಚು. ಅವನೊಂದು ಹಳೆಯ ಎಸ್ಟೀಮ್ ಕಾರು ತಂದು ಶಿವರಾಜುವಿನ ಶೆಡ್ಡಿನಲ್ಲಿ ನಿಲ್ಲಿಸಿದ. ಕೊಯಮತ್ತೂರಿನ ಟ್ರ್ಯಾಕಿನಲ್ಲಿ ದಸರಾ ಮುಗಿದ ವಾರವೇ ಒಂದು ರೇಸ್, ಗಂಟೆಗಟ್ಟಲೆ ನಿಲ್ಲದೆ ಓಡಿಸುವಂಥದ್ದು. ಅದಕ್ಕೆ ಈ ಕಾರನ್ನು ತಯಾರು ಮಾಡಬೇಕು. ಇಬ್ಬರೂ ಹಗಲೆಲ್ಲ ಕಾರಿನ ಕೆಳಗೇ ಇರುತ್ತಿದ್ದರು. ಅಭಿ ಅವನನ್ನು "ಶಿವಣ್ಣ" ಅಂತಲೇ ಕರೆಯುತ್ತಿದ್ದ. ಮಧ್ಯಾಹ್ನ ಶಾಂತಿ ಕಟ್ಟಿಕೊಟ್ಟ ಡಬ್ಬಿಯಲ್ಲಿ ಇಬ್ಬರ ಕೈಯೂ ಇರುತ್ತಿತ್ತು. ಶಾಂತಿಯ ಕೈಯ ಉಪ್ಸಾರು ನಮ್ಮ ಮನೆಯಲ್ಲಿ ಯಾರಿಗೂ ಬರುವುದಿಲ್ಲ ಅತ್ತೆ, ಎಂದು ಅಭಿ ನನಗೇ ಬಂದು ಹೇಳುತ್ತಿದ್ದ. ಬಾಗೂರಿಗೂ ಚನ್ನರಾಯಪಟ್ಟಣಕ್ಕೂ ನಡುವೆ ಇರುವುದು ಬಸ್ಸಿನಲ್ಲಿ ಒಂದು ನಿದ್ದೆಯಷ್ಟು ದೂರ. ಅಷ್ಟರಲ್ಲಿ ಮನುಷ್ಯರು ಹೇಗೆ ಬದಲಾಗುತ್ತಾರೆ ಅಂತ ಆಗ ನಾನು ಯೋಚಿಸಿರಲಿಲ್ಲ.

ಆ ಕಾರಿನಲ್ಲಿ ಶಿವರಾಜುವಿನ ತಲೆ ಓಡಿದ್ದು ರೇಡಿಯೇಟರಿನ ಮೇಲೆ. ಅವನು ನನಗೆ ಎಷ್ಟು ಸಲ ವಿವರಿಸಿದ್ದಾನೆಂದರೆ ಈಗ ನಾನೇ ಪಾಠ ಮಾಡಬಲ್ಲೆ. ಮಾಮೂಲಿ ಕಾರಿನಲ್ಲಿ ರೇಡಿಯೇಟರ್ ಮೂತಿಯ ಹಿಂದೆ ಗೋಡೆಯ ಹಾಗೆ ನೆಟ್ಟಗೆ ನಿಂತಿರುತ್ತದೆ, ಮುಂದೆ ಅಗಲವಾದ ಬಾಯಿ. ಓಡುವಾಗ ನುಗ್ಗುವ ಗಾಳಿಯಲ್ಲಿ ಒಂದಿಷ್ಟು ಅದರ ಸಂದುಗಳಲ್ಲಿ ತೂರಿ ಒಳಗಿನ ಬಿಸಿನೀರನ್ನು ಆರಿಸುತ್ತದೆ. ಮಿಕ್ಕಿದ್ದೆಲ್ಲ ಅದಕ್ಕೆ ಬಡಿದು, ಅಕ್ಕಪಕ್ಕ ಚೆಲ್ಲಾಡಿ, ಕಾರನ್ನೇ ಹಿಂದಕ್ಕೆ ತಳ್ಳುತ್ತದೆ. ಊರೊಳಗೆ ಓಡಾಡುವವರಿಗೆ ಇದು ಲೆಕ್ಕಕ್ಕಿಲ್ಲ. ರೇಸಿನ ವೇಗದಲ್ಲಿ ಮಾತ್ರ ಇಂಜಿನ್ನಿನ ಬಲದ ದೊಡ್ಡ ಪಾಲು ಗಾಳಿಯನ್ನು ಸೀಳುವುದಕ್ಕೇ ಖರ್ಚಾಗುತ್ತದೆ.

ರೇಡಿಯೇಟರನ್ನು ಓರೆಯಾಗಿ ಮಲಗಿಸಿದರೆ ಅಷ್ಟೇ ದೊಡ್ಡದು, ಬೇಕಾದರೆ ಇನ್ನೂ ದೊಡ್ಡದು, ತಗ್ಗಾದ ಮೂತಿಯೊಳಗೆ ಹಿಡಿಸುತ್ತದೆ. ಬಾಯಿ ಅಂಗೈ ಅಗಲವಿದ್ದರೆ ಸಾಕು. ಆ ಬಾಯಿಂದ ರೇಡಿಯೇಟರಿನವರೆಗೆ ತಗಡಿನಲ್ಲಿ ಒಂದು ದಾರಿ, ಒಳಕ್ಕೆ ಹೋದಂತೆ ಅಗಲವಾಗುವ ಹಾಗೆ. ಗಾಳಿ ಆ ಅಗಲದಲ್ಲಿ ಹರಡಿಕೊಂಡು ನಿಧಾನವಾಗುತ್ತದೆ. ನಿಧಾನವಾದ ಗಾಳಿ ಹೆಚ್ಚು ತಡೆಯಿಲ್ಲದೆ ಸಂದುಗಳಲ್ಲಿ ತೂರಿ ಶಾಖವನ್ನು ಹೊತ್ತು ಹೋಗುತ್ತದೆ.

"ನಮ್ಮವ್ವ ರಾಗಿ ತೂರೋವಾಗ ನೋಡಿದ್ದೀಯಲ್ಲ ಅಕ್ಕ," ಅನ್ನುತ್ತಿದ್ದ ಶಿವರಾಜು. "ಮೊರಾನ ಗಾಳೀಗೆ ನೆಟ್ಟಗ್ ಇಡುದ್ರೆ ಕೈಯೇ ತಿರುಚ್ಕೊತದೆ. ಓರೆ ಇಡುದ್ರೆ ಹಗೂರ. ಅಷ್ಟೇಯಾ."

ಅಷ್ಟೇ ಅಂದನೇ ಹೊರತು ಮೊದಲನೆಯ ಸಲ ಅವನೂ ಎಡವಿದ. ಜಂಬದಲ್ಲಿ ತೀರಾ ಮಲಗಿಸಿಬಿಟ್ಟಿದ್ದ. ಅಷ್ಟು ಮಲಗಿಸಿದರೆ ಗಾಳಿ ಸಂದಿಗೆ ತಿರುಗಿಕೊಳ್ಳಲಾರದೆ ಮೇಲ್ಮೈ ಸವರಿಕೊಂಡೇ ಹೋಗಿಬಿಡುತ್ತದಂತೆ. ಹೈವೇಯಲ್ಲಿ ಹಿರೀಸಾವೆ ತಲುಪುವ ಮುಂಚೆಯೇ ಕಾರು ಕುದಿಯಿತು. ಅವತ್ತು ನಾನು ಚೆನ್ನಾಗಿ ರೇಗಿಸಿದೆ. "ಮಲ್ಗಿರೋದು ರೇಡಿಯೇಟ್ರೋ ನೀನೋ?" ಅಂದೆ. ಅವನು ಸಿಟ್ಟಾಗಿ ಎರಡು ದಿನ ನನ್ನ ಅಂಗಡಿಯ ಕಡೆ ತಲೆ ಹಾಕಲಿಲ್ಲ. ಆಮೇಲೆ ಬಂದು ಕೆಂಪು ಉಲ್ಲನ್ ದಾರ ಕೇಳಿದ. ಮಗಳ ಸ್ವೆಟರಿಗೆಂದು ತಂದಿಟ್ಟ ಉಂಡೆಯನ್ನೇ ಕೊಟ್ಟೆ. ಅದನ್ನು ತುಂಡುತುಂಡು ಮಾಡಿ ಕಾರಿನ ಮೂತಿಗೂ ಬಾನೆಟ್ಟಿಗೂ ಅಂಟಿಸಿದ. ಅಭಿ ನುಗ್ಗೇಹಳ್ಳಿ ರಸ್ತೆಯಲ್ಲಿ ಕಾರು ಓಡಿಸುವಾಗ ಪಕ್ಕದಲ್ಲಿ ಬೈಕಿನಲ್ಲಿ ಹೋಗುತ್ತ ಯಾವ ದಾರ ಎತ್ತ ಅಲ್ಲಾಡುತ್ತದೆ ಅಂತ ನೋಡಿದ. ಗಾಳಿ ಎಲ್ಲಿ ಒಳಗೆ ಹೋಗುತ್ತದೆ, ಎಲ್ಲಿ ಹೊರಳಿ ವಾಪಸು ಬರುತ್ತದೆ ಅನ್ನುವುದನ್ನು ದಾರ ತೋರಿಸುತ್ತಿತ್ತು.

ಓರೆಯನ್ನು ಸ್ವಲ್ಪ ಕಡಿಮೆ ಮಾಡಿದ. ಬಾನೆಟ್ಟಿನ ಮೇಲೆ, ಮೇಲೆ ಹರಿಯುವ ಗಾಳಿ ಒಳಗಿನದನ್ನು ತಾನಾಗಿ ಎಳೆದುಕೊಳ್ಳುವ ಜಾಗದಲ್ಲಿ, ಬಿಸಿಗಾಳಿ ಹೊರಗೆ ಹೋಗಲು ಸೀಳು ಬಿಟ್ಟ. ಅರಕಲಗೂಡಿನ ಮಾವನ ಊರಲ್ಲಿ ಹೊಗೆಸೊಪ್ಪನ್ನು ಬಿಸಿಗಾಳಿಯಲ್ಲಿ ಬೇಯಿಸುವ ಬ್ಯಾರನ್ ಮನೆಗಳನ್ನು ನೋಡಿದ್ದನಲ್ಲ. "ಬಿಸಿಗಾಳಿಗೆ ಓಗಕ್ ದಾರಿ ಇಲ್ದಿದ್ರೆ ತಣ್ಣಗಿನ್ ಗಾಳಿ ಎಂಗಕ್ಕ ಒಳೀಕ್ ಬಂದಾತು?" ಅಂದ. ಇನ್ನು ರೇಡಿಯೇಟರಿನ ಸುತ್ತ ಇರುವ ಸಂದು. ಗಾಳಿ ಬಲು ಸೋಮಾರಿ, ಪಕ್ಕದಲ್ಲಿ ಕಿರುಬೆರಳಷ್ಟು ದಾರಿ ಕಂಡರೂ ರೇಡಿಯೇಟರನ್ನು ಬಿಟ್ಟು ಅಲ್ಲೇ ನುಣುಚಿಕೊಳ್ಳುತ್ತದೆ. ಅದಕ್ಕೆ ಸುತ್ತಲೂ ಸ್ಪಂಜು, ರಬ್ಬರು ಹಾಕಿ ಒಂದು ಕೂದಲೂ ತೂರದ ಹಾಗೆ ಮುಚ್ಚಿದ. ಬಾಯಿಂದ ಬಂದ ಗಾಳಿಯೆಲ್ಲ ರೇಡಿಯೇಟರಿನ ಮೂಲಕವೇ ಹೋಗಬೇಕು, ಬೇರೆ ದಾರಿಯೇ ಇಲ್ಲ.

ಆಮೇಲೆ ಆ ಕಾರು ಕುದಿಯಲಿಲ್ಲ. ಸುಡುವ ಮಧ್ಯಾಹ್ನದಲ್ಲಿ ಹಾಸನಕ್ಕೆ ಹೋಗಿ ಬಂದರು. ಮೊಸಳೆ ಊರಿನವರೆಗೂ ಹೋಗಿ ಗುಡಿಯ ಎದುರು ಇಂಜಿನ್ ಆರಿಸದೆ ನಿಲ್ಲಿಸಿಕೊಂಡು ಕೂತರು. ಶಾಖ ತೋರಿಸುವ ಮುಳ್ಳು ಮಿಸುಕಲಿಲ್ಲ. ಮೊದಲು ವೇಗದಲ್ಲಿ ಬಂದು ನ್ಯೂಟ್ರಲ್ ಮಾಡಿದರೆ ಕೆರೆಯ ಕೋಡಿ ಹತ್ತಿರ ನಿಲ್ಲುತ್ತಿದ್ದ ಕಾರು ಈಗ ಅದೇ ರಸ್ತೆಯಲ್ಲಿ, ಅದೇ ವೇಗದಿಂದ, ಕೋಡಿ ದಾಟಿ ಹುಣಸೆಮರದವರೆಗೆ ಉರುಳಿಕೊಂಡು ಹೋಗುತ್ತಿತ್ತು. ಗಾಳಿಯ ತಡೆ ಅಷ್ಟು ಕಡಿಮೆಯಾಗಿತ್ತು. ಅದನ್ನು ನೋಡಲು ನನ್ನನ್ನೂ ಕರೆದುಕೊಂಡು ಹೋಗಿದ್ದ. ಆ ಹುಣಸೆಮರದ ಕೆಳಗೆ ಅವನು ನಿಂತಿದ್ದ ಠೀವಿ ನನಗೆ ಈಗಲೂ ಕಣ್ಣಿಗೆ ಕಟ್ಟಿದೆ.

ದಸರಾಕ್ಕೆ ಮುಂಚೆ ರವೀಂದ್ರ ಬಂದ. ಹಾಸನದವನೇ, ಕೊಯಮತ್ತೂರಿನಲ್ಲಿ ಒಂದು ರೇಸ್ ತಂಡದ ಗ್ಯಾರೇಜು ನೋಡಿಕೊಳ್ಳುತ್ತಾನೆ. ಅಭಿ ಅವನ ಮೂಲಕವೇ ರೇಸಿಗೆ ಹೆಸರು ಕೊಟ್ಟಿದ್ದು. ರವೀಂದ್ರ ಕಾರಿನ ಕೆಳಗೆ ಮಲಗಿ, ಸ್ಪಂಜಿನ ಅಂಚಿನ ಸುತ್ತ ಕೈಯಾಡಿಸಿ, ಎದ್ದು ಬಟ್ಟೆ ಕೊಡವಿಕೊಂಡು ಶಿವರಾಜುವಿಗೆ ಹೇಳಿದ: "ಗೆಲ್ಲೋದೇನ್ ಬೇಡ ಕಣಪ್ಪ. ಈ ಕಾರು ರೇಸ್ ಮುಗ್ಸುದ್ರೆ ಸಾಕು. ಮುಗ್ಸು, ಬಂದು ನಮ್ಮಲ್ಲಿ ಸೇರ್ಕೊ. ಇಂಥ ಕೆಲ್ಸ ಮಾಡೋರು ನಮಗೆ ಬೇಕು."

ಶಾಂತಿ ಆ ಸಂಜೆಯೇ ನನ್ನ ಹತ್ತಿರ ಬಂದು ಕೊಯಮತ್ತೂರಿನಲ್ಲಿ ರಾಗಿ ಸಿಗುತ್ತದೋ ಇಲ್ಲವೋ ಎಂದು ವಿಚಾರಿಸಿದಳು. ಶಿವರಾಜು ಶೆಡ್ಡಿನಲ್ಲಿ ಸುಮ್ಮಸುಮ್ಮನೆ ಸ್ಪಾನರುಗಳನ್ನು ಒರೆಸಿ ಒರೆಸಿ ಇಡುತ್ತಿದ್ದ. ಜೀವಮಾನವಿಡೀ ತೂತು ಮುಚ್ಚಿದವನಿಗೆ ಕಾರು ಕಟ್ಟುವ ಕೆಲಸ. ಒಂದು ರೇಸ್ ಮುಗಿಯಬೇಕು, ಅಷ್ಟೇ.

ಆಯುಧಪೂಜೆ ಬಂತು. ಶಿವರಾಜುವಿನ ಶೆಡ್ಡಿನಲ್ಲಿ ಇರುವುದು ಬುದ್ಧನ ಒಂದು ಪಟ. ಆ ಹಬ್ಬದ ದಿನ ಅವನು ಸಾಮಾನುಗಳನ್ನು ತೊಳೆದಿಟ್ಟು ರಜೆ ಮಾಡುತ್ತಾನೆ, ಪೂಜೆಗೀಜೆ ಇಲ್ಲ. ಆದರೆ ರೇಸಿಗೆ ಹೋಗುವ ಕಾರಿಗೆ ಪೂಜೆಯಾಗದೆ ಹೊಸಿಲು ದಾಟಬಾರದು ಎಂದು ಅಭಿಯ ಅಜ್ಜಿ, ಅಂದರೆ ನನ್ನ ದೊಡ್ಡಮ್ಮ ಕಾಮಾಕ್ಷಮ್ಮ, ಹಟ ಹಿಡಿದಿದ್ದರು. ಅಭಿ ಕಾರನ್ನು ಬಾಗೂರಿಗೆ ತೆಗೆದುಕೊಂಡು ಹೋದ. ಶಿವರಾಜು ಮನಸ್ಸು ತಡೆಯದೆ ಹಿಂದೆಯೇ ಬೈಕಿನಲ್ಲಿ ಹೋದ. ನನ್ನ ಅಂಗಡಿಯಲ್ಲೂ ಪೂಜೆ, ನಾನು ಹೋಗಲಿಲ್ಲ. ಅಲ್ಲಿ ನಡೆದದ್ದನ್ನು ನಾನು ದೊಡ್ಡಮ್ಮನ ಬಾಯಿಂದಲೇ ಕೇಳಿದ್ದು. ಅದರಲ್ಲಿ ಮುಚ್ಚಿಡುವಂಥದ್ದು ಏನಾದರೂ ಇದೆ ಅಂತ ಅವರಿಗೆ ಅನ್ನಿಸಿಯೇ ಇಲ್ಲ.

ಕಾರನ್ನು ಅಂಗಳದಲ್ಲಿ ನಿಲ್ಲಿಸಿ ತೊಳೆದರು. ವಿಭೂತಿ ಬಳಿದರು, ಕುಂಕುಮ ಇಟ್ಟರು. ಎರಡು ಪಕ್ಕಕ್ಕೂ ಬಾಳೆಕಂದು ಕಟ್ಟಿದರು. ಡ್ಯಾಶ್‌ಬೋರ್ಡಿನ ಮೇಲೆ ನಿಂಬೆಹಣ್ಣು, ಹೂವು ಗುಡ್ಡೆ ಹಾಕಿದರು. ಅದರ ಕೆಳಗೆ ಇಂಜಿನ್ ಕಾದರೆ ಹತ್ತಿಕೊಳ್ಳುವ ಕೆಂಪು ದೀಪವಿತ್ತು, ಅದೂ ಮುಚ್ಚಿತು. ಕೊನೆಗೆ ಮೂತಿಗೆ ಸೇವಂತಿಗೆ ಹಾರ. ಪುಟ್ಟರಾಜಣ್ಣನ ಮನೆಯ ಹಾರವೆಂದರೆ ಎಲ್ಲರ ಮನೆಯಂಥದ್ದಲ್ಲ, ತೋಳು ದಪ್ಪ. ಟ್ರ್ಯಾಕ್ಟರಿಗೂ ಅದೇ, ಟಿಲ್ಲರಿಗೂ ಅದೇ. ಅವಕ್ಕೆ ಏನೂ ಆಗುವುದಿಲ್ಲ. ಈ ಕಾರಿಗೆ ಇರುವುದು ಅಂಗೈ ಅಗಲದ ಬಾಯಿ. ಹಾರ ಸರಿಯಾಗಿ ಅದರ ಮೇಲೇ ಕೂತಿತು.

ಶಿವರಾಜು ಗೇಟಿನ ಹತ್ತಿರ ನಿಂತಿದ್ದ. ತಿಂಗಳುಗಟ್ಟಲೆ ಆ ಕಾರಿನ ಒಳಗೂ ಹೊರಗೂ ಅವನ ಕೈ ಆಡದ ಜಾಗ ಒಂದೂ ಇರಲಿಲ್ಲ. ಅಲ್ಲಿಂದಲೇ ಕೂಗಿದ: "ಅಭಿ, ಹಾರ ಬಾಯ್ ಮುಚ್ಚೈತೆ ನೋಡಪ್ಪ. ಗಾಳಿ ಓಗಕಿಲ್ಲ. ತಗುದ್ಬುಟ್ಟು ಸ್ಟಾರ್ಟ್ ಮಾಡು."

ಅಭಿ ಗೆಳೆಯರ ಜೊತೆ ಫೋಟೊ ತೆಗೆಸಿಕೊಳ್ಳುತ್ತಿದ್ದ. "ಆಮೇಲ್ ತಗೀತೀನಿ ಬಿಡಣ್ಣ," ಅಂದ.

ಶಿವರಾಜು ನಿಂತ ಕಡೆ ನಿಲ್ಲಲಾರದೆ ಅಂಗಳಕ್ಕೆ ಬಂದ. ಕಾರಿನ ಮೂತಿಯತ್ತ ಕೈ ಚಾಚಿದ. ದೊಡ್ಡಮ್ಮ ಮಂಗಳಾರತಿ ತಟ್ಟೆ ಹಿಡಿದುಕೊಂಡೇ ತಡೆದರು.

"ಏಯ್, ಮುಟ್ಬ್ಯಾಡ ಕಣಪ್ಪ. ದೇವ್ರಿಗೆ ಏರ್ಸಿರೋ ಹಾರ. ನೀನ್ ಮುಟ್ಟುದ್ರೆ ಎಂಗಾತದೆ? ಅತ್ಲಾಗ್ ನಿಂತ್ಕೊ, ಪುರಿ ಕೊಡುಸ್ತೀನಿ."

ಬೈದು ಹೇಳಿದ್ದಲ್ಲವಂತೆ. "ನಾನೇನ್ ಗದರ್ಲಿಲ್ಲ ಕಣವ್ವ, ಮೆಲ್ಲಗೇ ಅಂದೆ," ಎಂದು ನನಗೆ ಹೇಳಿದರು. ಅವನ ಕೈ ಅಲ್ಲೇ ನಿಂತಿತಂತೆ. ಸುತ್ತ ಇದ್ದವರು ಮಂಗಳಾರತಿಗೆ ಕೈಯೊಡ್ಡಿದರು, ಅಭಿಯೂ. ಶಿವರಾಜು ಹಿಂದಕ್ಕೆ ಸರಿದು ಗೇಟಿನ ಆಚೆ ಹೋದ. ಕಡ್ಲೆಪುರಿ ಪೊಟ್ಟಣವನ್ನು ಅಲ್ಲಿಗೇ ಕಳಿಸಿಕೊಟ್ಟರು.

ಗುಡಿಯವರೆಗೆ ಹೋಗಿ ಬರುವುದು ಎಂದು ಮಾತು. ಗುಡಿಯಿಂದ ಅಭಿ ಮನೆಗೆ ತಿರುಗಲಿಲ್ಲ. ಗೆಳೆಯರು ಹುರಿದುಂಬಿಸಿದರು, ಹಬ್ಬದ ದಿನ ರಸ್ತೆ ಖಾಲಿ, ಹೈವೇಗೆ ಏರಿಸಿ ಎಳೆದುಬಿಟ್ಟ. ಶಿವರಾಜು ಪುರಿ ಪೊಟ್ಟಣ ಬಿಸಾಕಿ ಬೈಕು ಹತ್ತಿದನಂತೆ. ರೇಸ್ ಕಾರನ್ನು ಬೈಕಿನಲ್ಲಿ ಹಿಡಿಯುವುದು ಎಲ್ಲಿಂದ ಬಂತು? ಅವನು ಹೋಗಿ ಸೇರುವ ಹೊತ್ತಿಗೆ ಕಾರು ರಸ್ತೆ ಬದಿಯಲ್ಲಿ ನಿಂತಿತ್ತು, ಬಾನೆಟ್ಟಿನ ಸೀಳಿನಿಂದ ಹಬೆ ಹೋಗುತ್ತಿತ್ತು. ಇಂಜಿನ್ ಕಚ್ಚಿಕೊಂಡಿತ್ತು. ಕೀಲಿ ತಿರುಗಿಸಿದರೆ ಟಕ್ ಎನ್ನುವುದು ಬಿಟ್ಟರೆ ಬೇರೆ ಸದ್ದಿಲ್ಲ.

ಟ್ರ್ಯಾಕ್ಟರಿಗೆ ಕಟ್ಟಿ ಎಳೆಸಿಕೊಂಡು ಬಂದು ಶೆಡ್ಡಿನಲ್ಲಿ ಬಿಟ್ಟರು. ಮೂತಿ ಬಿಚ್ಚುವಾಗ ನಾನು ಪಕ್ಕದಲ್ಲೇ ಇದ್ದೆ. ಹಾರದ ಅರ್ಧ ಭಾಗ ಗಾಳಿಯ ಸೆಳೆತಕ್ಕೆ ಒಳಗೆ ಹೋಗಿ ರೇಡಿಯೇಟರಿಗೆ ಹಾಸಿಕೊಂಡಿತ್ತು. ಎಸಳುಗಳು ಸಂದುಸಂದಿನಲ್ಲೂ ಬೆಂದು ಅಂಟಿದ್ದವು. ಬೆಂದ ಸೇವಂತಿಗೆಯ ವಾಸನೆ ಶೆಡ್ಡೆಲ್ಲ ತುಂಬಿತ್ತು. ಶಿವರಾಜು ಒಂದೊಂದೇ ಎಸಳನ್ನು ಕಡ್ಡಿಯಲ್ಲಿ ಕೆದಕಿ ತೆಗೆದ. ಈಗ ಅದನ್ನು ಮುಟ್ಟಬೇಡ ಅನ್ನುವವರು ಯಾರೂ ಇರಲಿಲ್ಲ.

"ಬ್ಯಾರೆ ಕಾರಾಗಿದ್ರೆ ಬದುಕ್ಬುಡೋದು ಅಕ್ಕ," ಅಂದ. "ಸಂದೀಲಿ ಗೊಂದೀಲಿ ಒಂಚೂರಾದ್ರೂ ಗಾಳಿ ಆಡೋದು. ನಾನೇ ಎಲ್ಲ ಮುಚ್ಚಿಬುಟ್ಟಿದ್ನಲ್ಲ."

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟೆಲ್ಲ ನನಗೇ ಬಂದಿತ್ತು. ಇಂಜಿನ್ನಿನ ಹೆಡ್ ಬಾಗಿತ್ತು, ಪಿಸ್ಟನ್‌ಗಳು ಬ್ಲಾಕಿಗೆ ಉಜ್ಜಿ ಗೀರು ಬಿದ್ದಿತ್ತು. ರೇಸಿಗೆ ಉಳಿದ ದಿನಗಳಲ್ಲಿ ಆಗುವ ರಿಪೇರಿ ಅದಲ್ಲ. ನನಗೂ ಗೊತ್ತಾಯಿತು, ಅವನಿಗಂತೂ ಮೂತಿ ಬಿಚ್ಚುವ ಮೊದಲೇ ಗೊತ್ತಿತ್ತು.

ಮಾರನೆಯ ದಿನ ವಿಜಯದಶಮಿ, ನಾನು ಬಾಗೂರಿಗೆ ಹೋದೆ. ಪುಟ್ಟರಾಜಣ್ಣ ಶಿವರಾಜುವನ್ನು ಕರೆಸಿದ್ದ. ಅಣ್ಣ, ದೊಡ್ಡಮ್ಮ, ಅಭಿ, ನಾನು ಜಗಲಿಯ ಮೇಲೆ. ಶಿವರಾಜು ಅಂಗಳದಲ್ಲಿ.

"ಏನಾಯ್ತಲಾ?" ಎಂದು ಕೇಳಿದ ಪುಟ್ಟರಾಜಣ್ಣ.

"ಹಾರ ಒಳೀಕ್ ಓಗಿ ಗಾಳಿ ನಿಂತೋಯ್ತು ಸಾ."

ಪುಟ್ಟರಾಜಣ್ಣ ಸ್ವಲ್ಪ ಹೊತ್ತು ಗಡ್ಡ ಕೆರೆದುಕೊಂಡ. ಅವನು ಕೆಟ್ಟ ಮನುಷ್ಯ ಅಂತ ನಾನು ಹೇಳಲಾರೆ, ದೇವಯ್ಯನವರು ಆಸ್ಪತ್ರೆ ಸೇರಿದಾಗ ತಾನೇ ಹೋಗಿ ಕೂತವನು. ಆದರೆ ಮನೆಯ ಮರ್ಯಾದೆ ಅನ್ನುವುದೊಂದು ಬಂದರೆ ಅವನ ಬುದ್ಧಿ ಬೇರೆ ಕಡೆ ತಿರುಗುತ್ತದೆ.

"ನೋಡ್ಲಾ ಶಿವರಾಜು. ಅಮ್ಮ ಮಾಡಿದ್ ಪೂಜೆಯಿಂದ ಇಂಜಿನ್ ಓಯ್ತು ಅಂತ ಊರೋರ್ ಆಡ್ಕೊಂಡ್ರೆ ಚೆಂದಾಗಿರ್ತದಾ? ವಯಸ್ಸಾದೋಳು, ಮನಸ್ಗೆ ತಗೊತಾಳೆ. ನಿನ್ ರೇಡಿಯೇಟ್ರು ಓರೆ ಇತ್ತು. ಅದ್ಕೇ ಕಾದೋಯ್ತು. ಅಂಗಂದ್ಬುಡು, ಮುಗೀತು."

"ಓರೆ ಸರ್ಯಾಗಿತ್ತು ಸಾ. ಅಭಿನೇ ಓಡ್ಸವ್ನೆ, ಕೇಳಿ."

ಎಲ್ಲರೂ ಅಭಿಯ ಕಡೆ ನೋಡಿದೆವು. ಅವನು ಮೊಬೈಲನ್ನು ಕೈಯಲ್ಲಿ ತಿರುಗಿಸುತ್ತ, "ಓರೆ ಜಾಸ್ತಿ ಇತ್ತೇನೋ ಶಿವಣ್ಣ... ಒಂದ್ಸಲ ಕುದ್ದಿತ್ತಲ್ಲ," ಅಂದ. ಅದು ಯಾವತ್ತು ಕುದ್ದದ್ದು, ಆಮೇಲೆ ಏನು ಬದಲಾಯಿಸಿದ್ದು ಅನ್ನುವುದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ನನಗೆ ಮೈ ಉರಿದುಹೋಯಿತು. "ಲೋ ಅಭಿ, ಹುಣ್ಸೇಮರದ್ವರ್ಗೂ ಓಡ್ಸಿ ಕುಣ್ದಾಡಿದ್ದು ಯಾರ್ಲಾ? ಅವ್ನ ಡಬ್ಬೀಲಿ ಉಣ್ಣೋವಾಗ ಬಾಯ್ ಚೆನ್ನಾಗೇ ಆಡ್ತಿತ್ತಲ್ಲ ನಿಂಗೆ!" ಅಂದೆ.

ಡಬ್ಬಿಯ ಮಾತು ಕೇಳಿ ದೊಡ್ಡಮ್ಮ ಮೊಮ್ಮಗನ ಮುಖ ನೋಡಿದರು. ಅಭಿ ತಲೆ ತಗ್ಗಿಸಿದ. ಇಂಜಿನ್ ಹಾಳು ಮಾಡಿದ್ದಕ್ಕೆ ತಗ್ಗದ ತಲೆ ಉಂಡದ್ದಕ್ಕೆ ತಗ್ಗಿತು. ಪುಟ್ಟರಾಜಣ್ಣ ನನ್ನ ಕಡೆ ತಿರುಗಿ, "ನೀನ್ ನಿನ್ ಅಂಗ್ಡಿ ನೋಡ್ಕೊ ಓಗವ್ವ," ಅಂದ. ಅಲ್ಲಿಗೆ ಪಂಚಾಯಿತಿ ಮುಗಿಯಿತು. ಸಂಜೆಯ ಹೊತ್ತಿಗೆ ಬಾಗೂರಿನ ಹೋಟೆಲಿನಲ್ಲೂ ಚನ್ನರಾಯಪಟ್ಟಣದ ಸ್ಟ್ಯಾಂಡಿನಲ್ಲೂ ಓರೆ ರೇಡಿಯೇಟರಿನ ಮಾತೇ ಮಾತು.

ಊರವರು ಏನಾದರೂ ಅಂದುಕೊಳ್ಳಲಿ, ರವೀಂದ್ರನಿಗಾದರೂ ನಿಜ ತಿಳಿಯಬೇಕು ಅಂತ ನನಗೆ ಅನ್ನಿಸಿತು. ಅವನ ಕೈಯಲ್ಲಿ ಅಲ್ಲವೇ ಶಿವರಾಜುವಿನ ಕೊಯಮತ್ತೂರು ಇದ್ದದ್ದು. ನಾನೇ ಫೋನು ಮಾಡಿ, ಪೂಜೆಯ ಹಾರ ಸಿಕ್ಕಿಕೊಂಡಿತ್ತು, ನಾನು ಕಣ್ಣಾರೆ ನೋಡಿದೆ, ಅವನ ಕೆಲಸದಲ್ಲಿ ಲೋಪವಿರಲಿಲ್ಲ ಅಂದೆ. ಅಂಗಳದಲ್ಲಿ ದೊಡ್ಡಮ್ಮ ಆಡಿದ ಮಾತನ್ನು ಹೇಳಲಿಲ್ಲ. ಅದನ್ನು ಹೇಳಬೇಕಾದವಳು ನಾನಲ್ಲ, ಶಿವರಾಜುವೇ ಹೇಳಬೇಕು ಅಂದುಕೊಂಡೆ. ರವೀಂದ್ರ ತಾನೇ ಶಿವರಾಜುವಿನ ಹತ್ತಿರ ಮಾತಾಡುತ್ತೇನೆ ಅಂದ. ಹಾರವೇ ಕಾರಣವಾದರೆ ರೇಸ್ ತಪ್ಪಿದರೂ ಅವನನ್ನು ಕರೆಸಿಕೊಳ್ಳುವುದಕ್ಕೆ ತೊಂದರೆಯಿಲ್ಲ ಎಂದೂ ಅಂದ. ನಾನು ಶಾಂತಿಗೆ ಓಡಿಹೋಗಿ ಹೇಳಿ ಬಂದೆ.

ಫೋನು ಬಂದಾಗ ಶಿವರಾಜುವಿನ ಕೈಯೆಲ್ಲ ಗ್ರೀಸು. ಸ್ಪೀಕರಿಗೆ ಹಾಕಿ ಡ್ರಮ್ಮಿನ ಮೇಲಿಟ್ಟ. ನಾನು ಬಾಗಿಲಲ್ಲೇ ನಿಂತಿದ್ದೆ.

"ಮೇಡಂ ಎಲ್ಲ ಹೇಳಿದ್ರು ಶಿವರಾಜು," ಅಂದ ರವೀಂದ್ರ. "ಹಾರ ಒಳಗೆ ಹೋಗಿತ್ತಂತೆ. ನಮ್ಮಲ್ಲೂ ಪ್ರತಿ ರೇಸಿಗೂ ಹಾರ ಹಾಕ್ತೀವಪ್ಪ. ಹಾಕಿ, ಫೋಟೊ ತೆಗ್ದು, ಸ್ಟಾರ್ಟ್ ಮಾಡೋಕ್ಮುಂಚೆ ಮೆಕ್ಯಾನಿಕ್ಕು ತೆಗೆದುಬಿಡ್ತಾನೆ. ನೀನು ಅಲ್ಲಿರ್ಲಿಲ್ವಾ?"

"ಇದ್ದೆ ಸಾ."

"ಹಾರ ಕಾಣ್ತಿರ್ಲಿಲ್ವಾ?"

"ಕಾಣ್ತಿತ್ತು ಸಾ."

"ಮತ್ಯಾಕ್ ತೆಗೀಲಿಲ್ಲ?"

ಹೇಳು, ಎಂದು ನಾನು ಶಿವರಾಜುವಿಗೆ ಕೈಸನ್ನೆ ಮಾಡಿದೆ. ಅವನು ನನ್ನ ಕಡೆ ನೋಡಿದ, ಫೋನಿನ ಕಡೆ ನೋಡಿದ. ಆ ಕಡೆಯಿಂದ ರವೀಂದ್ರ, "ಹಲೋ? ಒಂದ್ ಹಾರ ತೆಗೆಯೋಕೆ ಏನಪ್ಪ ಕಷ್ಟ? ಕೈ ಹಾಕಿದ್ರೆ ಆಗೋಗ್ತಿತ್ತಲ್ಲ?" ಅಂದ. ಪಾಪ, ಅವನು ಕುಹಕದಿಂದ ಕೇಳಿದ್ದಲ್ಲ. ಅವನಿಗೆ ಹೊಳೆಯಲೇ ಇಲ್ಲ, ಹೊಳೆಯುವ ಹಾಗೆ ಅವನು ಹುಟ್ಟಿರಲಿಲ್ಲ.

"ಹಾರದಿಂದೇನಲ್ಲ ಸಾ," ಅಂದ ಶಿವರಾಜು. "ಅಕ್ಕಂಗ್ ಗೊತ್ತಾಗಿಲ್ಲ. ಓರೆನೇ ಜಾಸ್ತಿ ಆಗೋಗಿತ್ತು. ನಂದೇ ತಪ್ಪು."

"ನಾನೇ ಕೈಯಾಡ್ಸಿ ನೋಡಿದ್ನಲ್ಲಯ್ಯ... ಸರಿ ಬಿಡು," ಅಂದ ರವೀಂದ್ರ. "ನೀನೇ ಒಪ್ಕೊತಿದ್ದೀಯಲ್ಲ. ಇನ್ನೊಂದೆರಡು ವರ್ಷ ಕೆಲ್ಸ ಕಲಿ, ಆಮೇಲ್ ನೋಡೋಣ."

ಫೋನು ಆರಿತು. ನಾನು ಹೋಗಿ ಅವನ ರಟ್ಟೆ ಹಿಡಿದು ಅಲ್ಲಾಡಿಸಿದೆ. ಎರಡು ದಿನದಿಂದ ಒಳಗೆ ಇಟ್ಟುಕೊಂಡಿದ್ದ ಸಿಟ್ಟೆಲ್ಲ ಅವನ ಮೇಲೇ ಬಂತು.

"ಯಾಕೋ ಅಂಗಂದೆ? ಹೆಂಡ್ತಿ ಅಲ್ಲಿ ಗಂಟು ಕಟ್ತಾ ಕುಂತವ್ಳೆ. ನಿಜ ಹೇಳಕ್ಕೇನ್ ಧಾಡಿ ನಿಂಗೆ? ಮುಟ್ಬ್ಯಾಡ ಅಂದ್ರು ಅಂತ ಒಂದ್ ಮಾತ್ ಹೇಳಿದ್ರೆ ಮುಗ್ದೋಗ್ತಿತ್ತಲ್ಲೋ!"

ಅವನು ನನ್ನ ಕೈ ಬಿಡಿಸಿಕೊಂಡು ಬಟ್ಟೆ ಚೂರಿನಲ್ಲಿ ಬೆರಳುಗಳ ಗ್ರೀಸು ಒರೆಸಿಕೊಂಡ.

"ಕೆಲ್ಸ ಬರ್ದೋನು ಅಂತ ಅನ್ಕೊಳ್ಲಿ ಬುಡಕ್ಕ," ಅಂದ. "ಬರ್ದಿದ್ರೆ ಕಲಿ ಅಂತಾರೆ. ಇನ್ನೊಂದ್ ಹೇಳಿದ್ರೆ ಅದ್ಕೇನಂತಾರೆ?"